ಕುಲುಮೆಯ ಒಳಗೋಡೆ: ಭದ್ರಾವತಿಯಿಂದ ಜುರಾಂಗ್‌ವರೆಗೆ

ಉಕ್ಕಿನ ಚರಿತ್ರೆ ಬರೆಯೋರೆಲ್ಲ ಉಕ್ಕಿನ ಬಗ್ಗೆನೇ ಬರೀತಾರೆ. ಆ ಕರಗಿದ ಬೆಂಕಿಯನ್ನು ಹಿಡಿದಿಟ್ಟ ಒಳಗೋಡೆಯ ಬಗ್ಗೆ, ನಾವು ‘ಲೈನಿಂಗ್’ ಅನ್ನೋದರ ಬಗ್ಗೆ, ಯಾರೂ ಬರೆಯೋದಿಲ್ಲ. ಬೆಳಗಾವಿಯ ಉದ್ಯಮಬಾಗಿನ ಫೌಂಡ್ರಿಯೊಂದರಲ್ಲಿ ಆರು ವರ್ಷ ಅದನ್ನೇ ಕುಟ್ಟಿದವನು ನಾನು. ಹಾಗಾಗಿ ಈ ಸಂಚಿಕೆಗೆ ಅದನ್ನೇ ಬರೀತಿದ್ದೇನೆ.

ನಮ್ಮ ಮೈಸೂರು ಸೀಮೆಯಲ್ಲಿ ದೊಡ್ಡ ಕುಲುಮೆ ಹೊತ್ತಿದ್ದು 1923ರಲ್ಲಿ, ಭದ್ರಾವತಿಯಲ್ಲಿ. ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ಮಲೆನಾಡಿನ ಕಾಡಿನಿಂದ. ನಷ್ಟದ ಆ ವರ್ಷಗಳಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರೇ ಅಧ್ಯಕ್ಷರಾಗಿ ಕಾರ್ಖಾನೆಯನ್ನು ದಡ ಮುಟ್ಟಿಸಿದರು. ಉಕ್ಕು ಬಂದದ್ದು 1936ರಲ್ಲಿ. ಜೋಗದ ಕರೆಂಟು ಬಂದ ಮೇಲೆ, 1952ರಲ್ಲಿ, ವಿದ್ಯುತ್ ಕುಲುಮೆಗಳೂ ಬಂದವು.

ಸಿಂಗಪುರದ ಕಥೆ ಶುರುವಾಗೋದು 1960ರ ದಶಕದಲ್ಲಿ. ಗೋ ಕೆಂಗ್ ಸ್ವೀ ಅವರು ಜುರಾಂಗ್‌ನ ಜವುಗು ನೆಲದಲ್ಲಿ ಕೈಗಾರಿಕಾ ಪ್ರದೇಶ ಮಾಡ್ತೀನಿ ಅಂದಾಗ ಅದನ್ನು ‘ಗೋ ಅವರ ಹುಚ್ಚುತನ’ ಅಂತ ಕರೆದವರಿದ್ದರು. ಅಲ್ಲಿ ಮೊದಮೊದಲು ಎದ್ದ ಕಾರ್ಖಾನೆಗಳಲ್ಲಿ ನ್ಯಾಷನಲ್ ಐರನ್ ಅಂಡ್ ಸ್ಟೀಲ್ ಮಿಲ್ಸ್ ಒಂದು. 1963ರಲ್ಲಿ ಉತ್ಪಾದನೆ ಶುರು. ಗಣಿಯಿಲ್ಲ, ಕಲ್ಲಿದ್ದಲಿಲ್ಲ. ಒಡೆದ ಹಡಗು, ಗುಜರಿ ಕಬ್ಬಿಣ, ಅಷ್ಟೇ. ಅದನ್ನೇ ಕರಗಿಸಿ ಸರಳು ಎಳೆದರು. ನಾವೀಗ ಬಾಡಿಗೆಗಿರೋ ಎಚ್‌ಡಿಬಿ ಫ್ಲ್ಯಾಟಿನ ಕಾಂಕ್ರೀಟಿನೊಳಗೆ ಯಾವ ಹಡಗು ಇದೆಯೋ ಯಾರು ಬಲ್ಲರು! ಅದೇ ನ್ಯಾಟ್‌ಸ್ಟೀಲ್ ಆಗಿ, ಮುಂದೆ ಕೆಲಕಾಲ ಟಾಟಾ ಕೈಗೂ ಬಂತು.

ಜುರಾಂಗ್‌ನದ್ದು ಆರ್ಕ್ ಕುಲುಮೆ. ಸಣ್ಣ ಫೌಂಡ್ರಿಗಳದ್ದು ಇಂಡಕ್ಷನ್. 1900ರಲ್ಲಿ ಸ್ವೀಡನ್ನಿನ ಗಿಸಿಂಗೆಯಲ್ಲಿ ಶೆಲ್ಲಿನ್ ಎಂಬಾತ ಇಂಡಕ್ಷನ್‌ನಿಂದ ಉಕ್ಕು ಕರಗಿಸಿದ. ಆಮೇಲೆ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ನಾರ್ಥ್ರಪ್ ನಡುವಿನ ಕಬ್ಬಿಣದ ತಿರುಳನ್ನೇ ತೆಗೆದು, ಬರೀ ಸುರುಳಿ ಇಟ್ಟ. ಇವತ್ತಿನ ನಮ್ಮ ಕುಲುಮೆ ಅದೇ ಜಾತಿ. ಸುತ್ತ ತಾಮ್ರದ ಕೊಳವೆ, ಕೊಳವೆಯೊಳಗೆ ನೀರು, ಮಧ್ಯೆ 1500 ಡಿಗ್ರಿಯ ಲೋಹ. ನೀರಿಗೂ ಲೋಹಕ್ಕೂ ನಡುವೆ ಇರೋದು ಕೆಲವೇ ಇಂಚಿನ ಬಿಳಿಕಲ್ಲಿನ ಪುಡಿ. ಅದು ತೂತಾದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

ಆ ಪುಡಿಗೆ ಸುಮಾರು ನೂರಕ್ಕೆ ಒಂದರಷ್ಟು ಬೋರಿಕ್ ಆ್ಯಸಿಡ್ ಬೆರೆಸಿ, ಉಕ್ಕಿನ ಅಚ್ಚಿನ ಸುತ್ತ ಒಣಗಿದ್ದಂತೆಯೇ ಕುಟ್ಟಬೇಕು. ನಿಧಾನ ಕಾಯಿಸಬೇಕು, ಯಾಕಂದ್ರೆ 573 ಡಿಗ್ರಿಯಲ್ಲಿ ಸಿಲಿಕಾ ಥಟ್ಟನೆ ಹಿಗ್ಗುತ್ತೆ. ಬೆಂದ ಮೇಲೆ ಲೋಹದ ಕಡೆ ಗಾಜಿನಂಥ ಗಟ್ಟಿ ಪದರ, ನಡುವೆ ಅರೆಬೆಂದದ್ದು, ಸುರುಳಿ ಕಡೆ ಇನ್ನೂ ಸಡಿಲ ಪುಡಿ. ಜಾಣತನ ಇರೋದೇ ಆ ಸಡಿಲ ಪುಡಿಯಲ್ಲಿ: ಮುಂದೆ ಬಿರುಕು ಬಿಟ್ಟು ಲೋಹ ನುಗ್ಗಿದರೆ ಅಲ್ಲಿ ಪುಡಿ ಬೆಂದು ಬಿರುಕು ಮುಚ್ಚಿಕೊಳ್ಳುತ್ತೆ.

ಇದೇನು ಹೊಸ ಕಲ್ಲಲ್ಲ. 1820ರ ದಶಕದಲ್ಲೇ ವೇಲ್ಸ್‌ನ ಡಿನಾಸ್ ಕಲ್ಲಿನಿಂದ ಸಿಲಿಕಾ ಇಟ್ಟಿಗೆ ಮಾಡಿದ್ದರು. ಬೆಸ್ಸೆಮರ್‌ನ ಪಾತ್ರೆಗೂ ಇಂಥದ್ದೇ ಒಳಪದರ. ಆದರೆ ಸಿಲಿಕಾ ಆಮ್ಲೀಯ; ರಂಜಕ ತೆಗೆಯಲು ಬೇಕಾದ ಸುಣ್ಣ ಹಾಕಿದರೆ ಗೋಡೆಯನ್ನೇ ತಿಂದುಬಿಡುತ್ತೆ. 1878ರ ಹೊತ್ತಿಗೆ ಥಾಮಸ್ ಮತ್ತು ಗಿಲ್‌ಕ್ರಿಸ್ಟ್ ಡಾಲೊಮೈಟ್ ಪದರ ಹಾಕಿ ಆ ಗಂಟು ಬಿಚ್ಚಿದರು. ಬೀಡುಕಬ್ಬಿಣದವರು ಮಾತ್ರ ಸಿಲಿಕಾ ಬಿಡಲಿಲ್ಲ, ಅಗ್ಗ ನೋಡಿ.

ಗೋಡೆ ತೆಳುವಾದಷ್ಟೂ ಕರೆಂಟು ಉಳಿತಾಯ, ದಪ್ಪವಾದಷ್ಟೂ ಜೀವಕ್ಕೆ ಕ್ಷೇಮ. “ಇನ್ನೆರಡು ಹೀಟ್ ಎಳೀರಿ” ಅಂತ ಮೇಲಿನವರು ಹೇಳೋದನ್ನ ಎಷ್ಟು ಸಲ ಕೇಳಿದ್ದೀನೋ. ಇಳಿಯೋದು ಗೋಡೆಯ ದಪ್ಪ, ಏರೋದು ಪಕ್ಕದಲ್ಲಿ ನಿಂತವನ ಎದೆಬಡಿತ.

ಅದಕ್ಕಿಂತ ಮೆಲ್ಲಗೆ ಕೊಲ್ಲೋದು ಧೂಳು. ಕೋಲಾರದ ಚಿನ್ನದ ಗಣಿಯಲ್ಲಿ ಇದೇ ಕಲ್ಲಿನ ಧೂಳು ಎಷ್ಟೋ ಕಾರ್ಮಿಕರ ಶ್ವಾಸಕೋಶ ಕೆಡಿಸಿತು. 1940ರಲ್ಲಿ ಮೈಸೂರು ಸರ್ಕಾರ ಸಿಲಿಕೋಸಿಸ್‌ಗೆ ಅಂತಲೇ ನಿಯಮ ತಂದಿತು. ಸಿಂಗಪುರದಲ್ಲೂ ಗ್ರಾನೈಟ್ ಕ್ವಾರಿಗಳ ಕೆಲಸಗಾರರಿಗೆ ಅದೇ ಕಾಯಿಲೆ. ಇವತ್ತು ರಜಾದಿನ ನಾವು ಸೈಕಲ್ ಹೊಡೆಯೋ ಪುಲಾವ್ ಉಬಿನ್‌ನ ಆ ಚೆಂದದ ಕೆರೆಗಳು ಹಳೇ ಕ್ವಾರಿ ಗುಂಡಿಗಳೇ.

ಬೆಂದ ಲೈನಿಂಗ್‌ನಲ್ಲಿ ಸಿಲಿಕಾ ಕ್ರಿಸ್ಟೊಬಲೈಟ್ ಆಗಿರುತ್ತೆ. ಹೊಸ ಪುಡಿ ಸುರಿಯೋವಾಗಿನಷ್ಟೇ ಎಚ್ಚರ ಹಳೇದನ್ನು ಒಡೆಯೋವಾಗಲೂ ಬೇಕು. ಈಗಿನ ಕೆಲವು ಕುಲುಮೆಗಳಲ್ಲಿ ತಳದಿಂದ ಹೈಡ್ರಾಲಿಕ್‌ನಲ್ಲಿ ತಳ್ಳಿ ಹಳೇ ಗೋಡೆಯನ್ನು ಇಡಿಯಾಗಿ ಹೊರಹಾಕ್ತಾರೆ. ಸುತ್ತಿಗೆ ಹಿಡಿದು ಒಳಗಿಳಿಯೋ ಕಡೆ ಈಗಲೂ ಇರೋ ಗೆಳೆಯರು ಬಟ್ಟೆ ಕಟ್ಟಿಕೊಂಡು ಇಳೀಬೇಡಿ. ಮುಖಕ್ಕೆ ಸರಿಯಾಗಿ ಕೂರೋ ರೆಸ್ಪಿರೇಟರ್ ಕೇಳಿ ಇಸ್ಕೊಳ್ಳಿ.