ಸ್ಪ್ರಿಂಕ್ಲರ್: ಚಳಿಗಾಲದ ಆರೈಕೆ

ಮನೆಯಂಗಳದ ಹುಲ್ಲುಹಾಸಿಗೆ ನೀರು ಚಿಮ್ಮಿಸುವ ಪೈಪುಗಳನ್ನು ಚಳಿಗಾಲಕ್ಕೆ ಮುನ್ನ ಬರಿದು ಮಾಡುವ ಕೆಲಸ. ಹೆಪ್ಪುಗಟ್ಟುವ ನೀರು ಸುಮಾರು ಶೇ. 9ರಷ್ಟು ಹಿಗ್ಗಿ ಪೈಪು, ವಾಲ್ವುಗಳನ್ನು ಸೀಳುತ್ತದೆ. ಹಾಗಾಗಿ ಷಿಕಾಗೋ, ಮಿನ್ನೆಸೋಟದಂಥ ಕಡೆ ಮುಖ್ಯ ವಾಲ್ವ್ ಮುಚ್ಚಿ, ಕಂಪ್ರೆಸರ್ ಗಾಳಿಯಿಂದ ಒಂದೊಂದೇ ಸಾಲಿನ ನೀರನ್ನು ಹೊರದೂಡುತ್ತಾರೆ. ಬೆಂಗಳೂರಿನ ದೊಡ್ಡನೆಕ್ಕುಂದಿಗೆ ಈ ಉಸಾಬರಿ ಬೇಡ: ನಗರದ ದಾಖಲಿತ ಕನಿಷ್ಠ ತಾಪಮಾನವೇ 7.8 ಡಿಗ್ರಿ ಸೆಲ್ಸಿಯಸ್ (13 ಜನವರಿ 1884). ಇಲ್ಲಿ ಕಾಡುವುದು ಕೊಳವೆಬಾವಿಯ ಗಡಸು ನೀರು. ನಾಜಲ್‌ನ ತೂತಿಗೆ ಕಟ್ಟಿದ ಸುಣ್ಣ ವಿನೆಗರ್‌ನಲ್ಲಿ ನೆನೆಸಿ ಉಜ್ಜಿದರೆ ಬಿಡುತ್ತದೆ. ಮಳೆಗಾಲದಲ್ಲೂ ಸ್ಪ್ರಿಂಕ್ಲರ್‌ನ ಟೈಮರ್ ಆರಿಸದಿರುವುದು ಶುದ್ಧ ದುಂದು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ, 5,000 ರೂಪಾಯಿ ದಂಡ ಗೊತ್ತುಮಾಡಿತು.