ಆನ್‌ಲೈನ್ ನಮೂನೆಗಳ ಸಲ್ಲಿಕೆ: ಡಿಜಿಟಲ್ ಸಹಿ ಪ್ರಮಾಣಪತ್ರ ಮತ್ತು ಪ್ರಮಾಣಪತ್ರದಾರರ ಹೊಣೆ

ಪೀಠಿಕೆ

ಸರ್ಕಾರಕ್ಕೆ ಸಲ್ಲಿಸುವ ನಮೂನೆಗಳಲ್ಲಿ ಕೈಬರಹದ ಸಹಿಯ ಬದಲಾಗಿ ಡಿಜಿಟಲ್ ಸಹಿಯನ್ನು ಬಳಸಲು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000 ಅವಕಾಶ ಕಲ್ಪಿಸಿದೆ. ಸದರಿ ಅಧಿನಿಯಮವು ದಿನಾಂಕ 17-10-2000ರಂದು ಜಾರಿಗೆ ಬಂದಿದ್ದು, ಅದರ 5ನೇ ಪ್ರಕರಣದಂತೆ, ನಿಗದಿತ ರೀತಿಯಲ್ಲಿ ಮಾಡಿದ ಡಿಜಿಟಲ್ ಸಹಿಗೆ ಕೈಬರಹದ ಸಹಿಯಷ್ಟೇ ಕಾನೂನು ಮಾನ್ಯತೆ ಇರುತ್ತದೆ. ಉಯಿಲಿನಂತಹ ಕೆಲವು ದಸ್ತಾವೇಜುಗಳಿಗೆ ಇದು ಅನ್ವಯಿಸುವುದಿಲ್ಲ.

ಬಳಕೆಯ ಸಂದರ್ಭಗಳು

1. ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಸಲ್ಲಿಸುವ ನಮೂನೆಗಳು (ಎಂಸಿಎ-21 ಯೋಜನೆಯಡಿ 2006ರಿಂದ)
2. ಕಂಪನಿಗಳ ಆದಾಯ ತೆರಿಗೆ ವಿವರಪಟ್ಟಿಗಳು
3. ಕರ್ನಾಟಕ ಸರ್ಕಾರದ ಇ-ಸಂಗ್ರಹಣಾ ವ್ಯವಸ್ಥೆಯಲ್ಲಿ ಸಲ್ಲಿಸುವ ಟೆಂಡರುಗಳು

ಸಹಿಯ ಕಾರ್ಯವಿಧಾನ

ಪ್ರತಿ ಪ್ರಮಾಣಪತ್ರಕ್ಕೂ ಒಂದು ಜೋಡಿ ಕೀಲಿಗಳಿರುತ್ತವೆ. ಖಾಸಗಿ ಕೀಲಿಯಿಂದ ಸಹಿ ಮಾಡಲಾಗುತ್ತದೆ; ಸಾರ್ವಜನಿಕ ಕೀಲಿಯಿಂದ ಆ ಸಹಿಯನ್ನು ಪರಿಶೀಲಿಸಲಾಗುತ್ತದೆ. ಸಹಿಯಾದ ನಂತರ ದಾಖಲೆಯಲ್ಲಿ ಒಂದು ಅಂಕಿಯನ್ನು ಬದಲಿಸಿದರೂ ಪರಿಶೀಲನೆಯಲ್ಲಿ ಅದು ಗೊತ್ತಾಗುತ್ತದೆ. ಆದರೆ ಟೋಕನ್ ಯಾರ ಕೈಯಲ್ಲಿತ್ತು ಎಂಬುದು ಈ ಪರಿಶೀಲನೆಯಿಂದ ತಿಳಿಯುವುದಿಲ್ಲ.

ಪ್ರಮಾಣಪತ್ರ ಪಡೆಯುವ ವಿಧಾನ

ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರಿಂದ ಪರವಾನಗಿ ಪಡೆದ ಪ್ರಾಧಿಕಾರಗಳು ಮಾತ್ರ ಪ್ರಮಾಣಪತ್ರ ನೀಡುತ್ತವೆ. ಅರ್ಜಿದಾರರ ಗುರುತು ಮತ್ತು ವಿಳಾಸವನ್ನು ಪರಿಶೀಲಿಸಿದ ನಂತರ ಪ್ರಮಾಣಪತ್ರವನ್ನು ಯುಎಸ್‌ಬಿ ಟೋಕನ್‌ನಲ್ಲಿ ಅಳವಡಿಸಲಾಗುತ್ತದೆ. 2ನೇ ದರ್ಜೆಯ ಪ್ರಮಾಣಪತ್ರಗಳ ವಿತರಣೆಯು ದಿನಾಂಕ 1-1-2021ರಿಂದ ನಿಂತಿದ್ದು, ಅವುಗಳ ಬದಲಿಗೆ 3ನೇ ದರ್ಜೆಯ ಪ್ರಮಾಣಪತ್ರಗಳನ್ನು ನೀಡಲಾಗುತ್ತಿದೆ. ಪ್ರಮಾಣಪತ್ರವನ್ನು ಬಳಸುವ ಮೊದಲು ಸಂಬಂಧಿಸಿದ ಪೋರ್ಟಲ್‌ನಲ್ಲಿ ನೋಂದಾಯಿಸತಕ್ಕದ್ದು. ಹೆಸರು ಮತ್ತು ಪ್ಯಾನ್ ಸಂಖ್ಯೆ ಹೊಂದಾಣಿಕೆಯಾಗದಿದ್ದಲ್ಲಿ ನೋಂದಣಿ ತಿರಸ್ಕೃತವಾಗಬಹುದು.

ಪ್ರಮಾಣಪತ್ರದಾರರ ಹೊಣೆ

ಟೋಕನ್ ಮತ್ತು ಅದರ ಪಿನ್ ಸಂಖ್ಯೆಯನ್ನು ಲೆಕ್ಕಿಗರ ಅಥವಾ ಸಲಹೆಗಾರರ ವಶದಲ್ಲಿಯೇ ಬಿಡುವ ರೂಢಿ ಕಂಡುಬರುತ್ತದೆ. ಇದು ಸಹಿ ಮಾಡಿದ ಖಾಲಿ ಕಾಗದವನ್ನು ಕೊಟ್ಟಂತೆ. ನಿರ್ದೇಶಕರ ನೇಮಕ, ರಾಜೀನಾಮೆ, ಕಂಪನಿಯ ಸ್ವತ್ತಿನ ಮೇಲೆ ಸಾಲದ ಪ್ರಭಾರ ಮುಂತಾದ ನಮೂನೆಗಳು ಪ್ರಮಾಣಪತ್ರದಾರರ ಅರಿವಿಗೆ ಬಾರದೆ ಅವರ ಹೆಸರಿನಲ್ಲಿಯೇ ಸಲ್ಲಿಕೆಯಾಗಬಹುದು.

ಅಧಿನಿಯಮದ 42ನೇ ಪ್ರಕರಣದಂತೆ, ಖಾಸಗಿ ಕೀಲಿಯನ್ನು ಸ್ವಾಧೀನದಲ್ಲಿಟ್ಟುಕೊಳ್ಳಲು ಯುಕ್ತ ಎಚ್ಚರ ವಹಿಸುವುದು ಪ್ರಮಾಣಪತ್ರದಾರರ ಕರ್ತವ್ಯ. ಕೀಲಿಯು ಅನ್ಯರ ಪಾಲಾದ ಸಂಗತಿಯನ್ನು ಪ್ರಾಧಿಕಾರಕ್ಕೆ ತಿಳಿಸುವವರೆಗೆ ಹೊಣೆಯು ಅವರದೇ ಆಗಿರುತ್ತದೆ. ಇನ್ನೊಬ್ಬರ ವಿದ್ಯುನ್ಮಾನ ಸಹಿಯನ್ನು ವಂಚನೆಯಿಂದ ಬಳಸುವುದು 66ಸಿ ಪ್ರಕರಣದಡಿ 3 ವರ್ಷಗಳವರೆಗೆ ಕಾರಾವಾಸ ಮತ್ತು 1 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆಗೆ ಗುರಿಯಾಗುವ ಅಪರಾಧವಾಗಿದೆ.

ಆದ್ದರಿಂದ ನಮೂನೆಯನ್ನು ಸಲಹೆಗಾರರು ಸಿದ್ಧಪಡಿಸಿದರೂ, ಅದನ್ನು ಪೂರ್ಣವಾಗಿ ಓದಿ ಪ್ರಮಾಣಪತ್ರದಾರರೇ ಪಿನ್ ನಮೂದಿಸತಕ್ಕದ್ದು.

ಟೋಕನ್ ಕಳೆದುಹೋದಲ್ಲಿ

1. ವಿಳಂಬವಿಲ್ಲದೆ ಪ್ರಮಾಣೀಕರಣ ಪ್ರಾಧಿಕಾರಕ್ಕೆ ತಿಳಿಸಿ, ಪ್ರಮಾಣಪತ್ರ ರದ್ದುಪಡಿಸುವಂತೆ ಕೋರುವುದು. ಮನವಿಯ ದಿನಾಂಕ ಮತ್ತು ಸಮಯದ ದಾಖಲೆಯನ್ನು ಇಟ್ಟುಕೊಳ್ಳುವುದು.
2. ತಮ್ಮ ಹೆಸರಿನಲ್ಲಿ ಇತ್ತೀಚೆಗೆ ಸಲ್ಲಿಕೆಯಾದ ನಮೂನೆಗಳನ್ನು ಪರಿಶೀಲಿಸುವುದು.
3. ಹೊಸ ಪ್ರಮಾಣಪತ್ರ ಪಡೆದು ಪೋರ್ಟಲ್‌ನಲ್ಲಿ ಮರುನೋಂದಣಿ ಮಾಡುವುದು.

ಗಮನಿಸಿ: ಅವಧಿ ಮುಗಿದ ಪ್ರಮಾಣಪತ್ರದಿಂದ ನಮೂನೆ ಸಲ್ಲಿಸಲು ಬರುವುದಿಲ್ಲ. ಅವಧಿಯೊಳಗೆ ಸಹಿ ಮಾಡಿ ಸಲ್ಲಿಸಿದ ನಮೂನೆಗಳು ಇದೇ ಕಾರಣಕ್ಕೆ ಅಸಿಂಧುವಾಗುವುದಿಲ್ಲ. ನಮೂನೆ ಸಲ್ಲಿಸಬೇಕಾದ ಕೊನೆಯ ದಿನಾಂಕಕ್ಕೆ ಸಾಕಷ್ಟು ಮುಂಚಿತವಾಗಿ ಪ್ರಮಾಣಪತ್ರವನ್ನು ನವೀಕರಿಸಿಕೊಳ್ಳುವುದು.