ಸ್ಪೀಕರ್‌ಗಳ ಕಪ್ಪು ಹೊಳಪು: ಉಳಿಸಿಕೊಳ್ಳುವ ಬಗೆ

ಮನೆಯ ಸ್ಪೀಕರ್ ಪೆಟ್ಟಿಗೆಗಳ ಕನ್ನಡಿಯಂಥ ಕಪ್ಪು ಮೆರುಗಿಗೆ 'ಪಿಯಾನೊ ಬ್ಲ್ಯಾಕ್' ಎಂಬ ಹೆಸರು ರೂಢಿಯಲ್ಲಿದೆ. ಉತ್ತಮ ದರ್ಜೆಯ ಪೆಟ್ಟಿಗೆಗಳಲ್ಲಿ ಎಂಡಿಎಫ್ ಹಲಗೆಯ ಮೇಲೆ ಮೆರುಗೆಣ್ಣೆಯನ್ನು ಹಲವು ಪದರಗಳಲ್ಲಿ ಲೇಪಿಸಿ, ಉಜ್ಜಿ ಈ ಹೊಳಪನ್ನು ತರಲಾಗುತ್ತದೆ.

ವಿಪರ್ಯಾಸವೆಂದರೆ, ಈ ಹೊಳಪು ಅನೇಕ ವೇಳೆ ಮಾಸುವುದು ಶುಚಿಗೊಳಿಸುವ ಕೈಯಿಂದಲೇ. ಧೂಳಿನಲ್ಲಿ ಮರಳಿನ ಸೂಕ್ಷ್ಮ ಕಣಗಳಿರುತ್ತವೆ. ಮರಳಿನ ಮುಖ್ಯ ಖನಿಜವಾದ ಕ್ವಾರ್ಟ್ಸ್‌ಗೆ ಮೋಸ್ ಗಡಸುತನದ ಮಾಪಕದಲ್ಲಿ 7ನೇ ಸ್ಥಾನ. ಮೆರುಗೆಣ್ಣೆ ಅದಕ್ಕಿಂತ ಬಹಳ ಮೃದು. ಒಣಬಟ್ಟೆಯಿಂದ ಉಜ್ಜಿದಾಗ ಈ ಕಣಗಳು ಕೂದಲೆಳೆಯಂಥ ಗೀರುಗಳನ್ನು ಮೂಡಿಸುತ್ತವೆ. ಗೀರುಗಳು ಬೆಳಕನ್ನು ಚದುರಿಸುವುದರಿಂದ ಕಪ್ಪು ಹಿನ್ನೆಲೆಯಲ್ಲಿ ಎದ್ದು ಕಾಣುತ್ತವೆ. ಜೊತೆಗೆ, ಒಣ ಘರ್ಷಣೆಯಿಂದ ಹುಟ್ಟುವ ಸ್ಥಾಯೀ ವಿದ್ಯುತ್ತು ಮತ್ತಷ್ಟು ಧೂಳನ್ನು ಸೆಳೆಯುತ್ತದೆ.

ಆದ್ದರಿಂದ ಮೊದಲು ಮೃದುವಾದ ಕುಂಚದಿಂದ, ಒತ್ತದೆ, ಧೂಳನ್ನು ನಿವಾರಿಸಬೇಕು. ಬಳಿಕ ಸ್ವಚ್ಛವಾದ ಮೈಕ್ರೋಫೈಬರ್ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಹಗುರವಾಗಿ ಒರೆಸಬೇಕು. ಕೊಳವೆಬಾವಿಯ ಗಡಸು ನೀರು ಬಿಳಿ ಕಲೆ ಉಳಿಸುತ್ತದೆ; ಬಟ್ಟಿ ಇಳಿಸಿದ ನೀರು ಲೇಸು. ಬೆರಳಚ್ಚಿನ ಜಿಡ್ಡಿಗೆ ಪಾತ್ರೆ ತೊಳೆಯುವ ದ್ರಾವಣದ ಒಂದೆರಡು ಹನಿ ಸಾಕು. ಕೊನೆಗೆ ಮತ್ತೊಂದು ಶುಭ್ರ ಬಟ್ಟೆಯಿಂದ ತೇವವನ್ನು ಹೀರಿಸಬೇಕು.

ನೀರನ್ನು ನೇರವಾಗಿ ಸಿಂಪಡಿಸುವುದು ಸಲ್ಲದು. ಸಂದಿಗಳಿಗೆ ಇಳಿದರೆ ಎಂಡಿಎಫ್ ಉಬ್ಬುತ್ತದೆ. ಥಿನ್ನರ್, ಅಸಿಟೋನ್, ಅಮೋನಿಯಾಯುಕ್ತ ಗಾಜಿನ ಕ್ಲೀನರ್‌ಗಳು ವರ್ಜ್ಯ. ಕಾಗದದ ಕೋನ್ ಹಾಗೂ ಟ್ವೀಟರ್‌ನ ನಾಜೂಕು ಗುಮ್ಮಟಕ್ಕೆ ಒದ್ದೆ ಬಟ್ಟೆ ತಾಗಿಸಬಾರದು. ಉಗುರಿಗೆ ತಗಲುವಷ್ಟು ಆಳವಾದ ಗೀರಾದರೆ, ಮನೆಯಲ್ಲಿ ಉಜ್ಜುವ ಬದಲು ಪಾಲಿಶ್ ಕೆಲಸ ಬಲ್ಲವರಿಗೆ ಒಪ್ಪಿಸುವುದೇ ಕ್ಷೇಮ.